ಅಟ್ಲಾಂಟಿಕ್ ದಾಟುವ ಹಾಯಿದೋಣಿ ಎಲ್ಲೆಲ್ಲಿ ತಂಗಬೇಕು?

ಯುರೋಪಿನಿಂದ ಕೆರಿಬಿಯನ್ ದ್ವೀಪಗಳಿಗೆ ಹಾಯಿದೋಣಿಯಲ್ಲಿ ಹೊರಡುವವರು ಹಾಯಿ, ಬ್ಯಾಟರಿ, ಸ್ವಯಂಚಾಲಿತ ಚುಕ್ಕಾಣಿಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಎಲ್ಲಿ ತಂಗಬೇಕು ಎಂಬುದನ್ನು ಮಾತ್ರ ಮರೀನಾಗಳ (ವಿಹಾರದೋಣಿ ನಿಲ್ಲುವ ಬಂದರುಗಳ) ಫೋಟೊ ಮತ್ತು ದರಪಟ್ಟಿ ನೋಡಿ ಒಂದೇ ಸಂಜೆಯಲ್ಲಿ ತೀರ್ಮಾನಿಸಿಬಿಡುತ್ತಾರೆ. ಗೆಳೆಯರ ದೋಣಿಯಲ್ಲಿ ಮಾರ್ಗ ಗುರುತಿಸುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಈ ಕ್ರಮ ನನಗೆ ತಲೆಕೆಳಗಾಗಿ ಕಾಣತೊಡಗಿತು. ಬಿಸಿನೀರಿನ ಸ್ನಾನ, ವೈಫೈ, ದಡದ ಹೋಟೆಲುಗಳನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಕೇಳಬೇಕಾದದ್ದು ಎರಡೇ: ಹವೆ ಕೆಟ್ಟಾಗ ಇದರೊಳಗೆ ಹೋಗಲು ಸಾಧ್ಯವೇ, ಮತ್ತು ಇಲ್ಲಿಂದ ಮುಂದಿನ ಹಾದಿಗೆ ಹೊರಡಲು ಬೇಕಾದದ್ದೆಲ್ಲ ಇಲ್ಲಿ ಸಿಗುತ್ತದೆಯೇ.

ಮೊದಲ ಪ್ರಶ್ನೆಯ ತೂಕ ಗೊತ್ತಾಗುವುದು ಪೋರ್ಚುಗಲ್‌ನ ಪಶ್ಚಿಮ ಕರಾವಳಿಯಲ್ಲಿ. ನಕ್ಷೆಯಲ್ಲಿ ಅಲ್ಲಿ ಬಂದರುಗಳಿಗೆ ಕೊರತೆಯಿಲ್ಲ, ಆದರೆ ಅವುಗಳಲ್ಲಿ ಹಲವು ನದಿಯ ಅಳಿವೆಯಲ್ಲಿವೆ. ಗಂಗೊಳ್ಳಿಯ ಅಳಿವೆಯಲ್ಲಿ ಮೀನುಗಾರರ ದೋಣಿ ಮಗುಚಿದ ಸುದ್ದಿಗಳನ್ನು ಓದಿದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ: ಹೊರಗಿನ ಕಡಲು ನಿಭಾಯಿಸುವಂತಿದ್ದರೂ ನದಿಯ ಇಳಿನೀರು ಮತ್ತು ಅಟ್ಲಾಂಟಿಕ್‌ನ ನೀಳ ಅಲೆಗಳು ಮರಳುದಿಬ್ಬದ ಮೇಲೆ ಎದುರುಬದುರಾದರೆ ಅಲ್ಲಿ ಅಲೆ ಒಡೆಯುತ್ತದೆ. ಫಿಗೇರಾ ದ ಫೋಜ್‌ನಲ್ಲಿ ಇಂಥ ದಿನಗಳಲ್ಲಿ ಅಧಿಕಾರಿಗಳು ಬಂದರಿನ ಪ್ರವೇಶವನ್ನೇ ಮುಚ್ಚುತ್ತಾರೆ. ಆದ್ದರಿಂದ ‘ಹವೆ ಕೆಟ್ಟರೆ ಫಿಗೇರಾಗೆ ನುಗ್ಗೋಣ’ ಎಂದು ಯೋಜನೆಯಲ್ಲಿ ಬರೆದುಕೊಂಡರೆ ಅದು ಇಲ್ಲದ ಆಶ್ರಯವನ್ನು ಲೆಕ್ಕಕ್ಕೆ ಹಿಡಿದಂತೆ.

ವಿಚಿತ್ರವೆಂದರೆ, ಅದರ ದಕ್ಷಿಣಕ್ಕಿರುವ ನಜಾರೆ ಹೆಸರು ಕೇಳಿದರೇ ಹೊಸಬರು ಹಿಂಜರಿಯುತ್ತಾರೆ; ಜಗತ್ತಿನ ಅತಿ ಎತ್ತರದ ಅಲೆಗಳ ಮೇಲೆ ಸರ್ಫಿಂಗ್ ನಡೆಯುವ ಊರು ಅದು. ಆದರೆ ಆ ಅಲೆಗಳೇಳುವುದು ಭೂಶಿರದ ಉತ್ತರಕ್ಕಿರುವ ಕಡಲತೀರದಲ್ಲಿ. ಬಂದರು ದಕ್ಷಿಣಕ್ಕಿದೆ, ಮತ್ತು ಸಮುದ್ರದಡಿಯ ಆಳವಾದ ಕಂದರವೊಂದು ಅದರ ಬಾಯಿಯ ಸಮೀಪದವರೆಗೂ ಚಾಚಿಕೊಂಡಿದೆ. ಉತ್ತರದಲ್ಲಿ ಅಲೆಗಳನ್ನು ಒಂದೆಡೆಗೆ ತಿರುಗಿಸಿ ಎತ್ತುವ ಆ ಕಂದರವೇ ಬಂದರಿನ ಬಾಯಿಯಲ್ಲಿ ನೀರನ್ನು ಆಳವಾಗಿಟ್ಟಿರುವುದರಿಂದ ಅಲ್ಲಿ ಅಲೆ ಒಡೆಯುವುದು ಅಪರೂಪ. ನೆರೆಯ ಬಂದರುಗಳು ಮುಚ್ಚಿದಾಗಲೂ ನಜಾರೆಯೊಳಗೆ ಹೋಗಲು ಸಾಧ್ಯವೆಂಬುದು ಆ ಕರಾವಳಿಯ ನಾವಿಕರ ಅನುಭವ. ಮೀನಿನ ವಾಸನೆ ಇದೆ, ಜಾಗ ಕಡಿಮೆ, ಊರಿಗೆ ನಡೆಯಬೇಕು. ಆದರೂ ನನ್ನ ಪಟ್ಟಿಯಲ್ಲಿ ಅದು ಚೆಂದದ ಮರೀನಾಗಳಿಗಿಂತ ಮೇಲಿದೆ.

2020ರಿಂದೀಚೆಗೆ ಈ ಕರಾವಳಿಯ ಲೆಕ್ಕಕ್ಕೆ ಇನ್ನೊಂದು ಅಂಶ ಸೇರಿದೆ. ಜಿಬ್ರಾಲ್ಟರ್‌ನಿಂದ ವಾಯವ್ಯ ಸ್ಪೇನ್‌ನ ಗಲೀಸಿಯಾವರೆಗೆ ಓರ್ಕಾಗಳ (ಕೊಲೆಗಾರ ತಿಮಿಂಗಿಲಗಳ) ಗುಂಪೊಂದು ಹಾಯಿದೋಣಿಗಳ ಚುಕ್ಕಾಣಿಯನ್ನು ಗುದ್ದಿ ಮುರಿಯುತ್ತಿದ್ದು, ಕೆಲವು ದೋಣಿಗಳು ಮುಳುಗಿಯೂ ಇವೆ. 20 ಮೀಟರಿಗಿಂತ ಕಡಿಮೆ ಆಳದಲ್ಲಿ, ದಡ ಹಿಡಿದು ಸಾಗಿದರೆ ಅಪಾಯ ಕಡಿಮೆ ಎಂಬ ಸಲಹೆ ಚಾಲ್ತಿಯಲ್ಲಿದೆ. ಆದರೆ ಆಳ ಕಡಿಮೆಯಿರುವಲ್ಲಿಯೇ ಅಲೆ ಏಳುತ್ತದೆ, ಮೀನು ಬಲೆಗಳ ತೇಲುಬುರುಡೆಗಳೂ ಅಲ್ಲಿಯೇ ತೇಲುತ್ತವೆ. ಹಾಗಾಗಿ ಹಗಲಿನಲ್ಲಿ ಸಾಗಿ ಮುಗಿಸಬಹುದಾದಷ್ಟು ಅಂತರದಲ್ಲಿ ತಂಗುದಾಣಗಳನ್ನು ಆರಿಸಿಕೊಳ್ಳಬೇಕಾಗಿದೆ. ರಾತ್ರಿಯೇ ತಲುಪುವುದಾದರೆ ಲಿಸ್ಬನ್ ಬಳಿಯ ಕಾಶ್ಕೈಶ್‌ನಂಥ ಅಗಲವಾದ, ಮರಳುದಿಬ್ಬವಿಲ್ಲದ ಪ್ರವೇಶವಿರುವ ಕಡೆಗೇ ಹೋಗುವುದು ಮೇಲು. ಅಲ್ಲಿಯೂ ಊರಿನ ದೀಪಗಳ ನಡುವೆ ಅಲೆತಡೆಯ ತುದಿಯ ಕೆಂಪು, ಹಸಿರು ದೀಪಗಳನ್ನು ಹೆಕ್ಕಿ ತೆಗೆಯಲು ಸಮಯ ಹಿಡಿಯುತ್ತದೆ.

ಲಿಸ್ಬನ್ ಬಿಟ್ಟ ಮೇಲೆ ಮಡೈರಾ ದ್ವೀಪಸಮೂಹದ ಪೋರ್ತೊ ಸಾಂತೊ ದ್ವೀಪ ಸುಮಾರು 480 ನಾಟಿಕಲ್ ಮೈಲಿ. ಸಣ್ಣ ಬಂದರು, ಸರಳ ಪ್ರವೇಶ, ಹೆಚ್ಚು ಹೇಳುವಂಥದ್ದೇನಿಲ್ಲ.

ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳಲ್ಲಿ ಎರಡನೆಯ ಪ್ರಶ್ನೆ ಮುಂದೆ ಬರುತ್ತದೆ. 1492ರಲ್ಲಿ ಕೊಲಂಬಸ್ ಇಲ್ಲಿ ನಿಂತದ್ದು ಮುರಿದ ಚುಕ್ಕಾಣಿಗಾಗಿ. ‘ಪಿಂಟಾ’ ಹಡಗನ್ನು ಗ್ರಾನ್ ಕನಾರಿಯಾದಲ್ಲಿ ದುರಸ್ತಿ ಮಾಡಿಸಿ, ಲಾ ಗೊಮೆರಾದಲ್ಲಿ ನೀರು, ದಿನಸಿ ತುಂಬಿಸಿಕೊಂಡು, ಸೆಪ್ಟೆಂಬರ್ 6ರಂದು ಅವನು ಪಶ್ಚಿಮಕ್ಕೆ ಹೊರಟ. ಇಂದಿಗೂ ಗ್ರಾನ್ ಕನಾರಿಯಾದ ಲಾಸ್ ಪಾಲ್ಮಾಸ್‌ಗೆ ದೋಣಿಗಳು ಬರುವ ಕಾರಣ ಅದೇ. ಸ್ತಂಭದ ತಂತಿಗಳನ್ನು ಪರೀಕ್ಷಿಸುವವರು, ಹಾಯಿ ಹೊಲಿಯುವವರು, ಎಂಜಿನ್ ಬಿಡಿಭಾಗದ ಅಂಗಡಿಗಳು ನಡೆದು ಹೋಗುವ ದೂರದಲ್ಲಿವೆ. ಇದಾದ ಮೇಲೆ ಅಷ್ಟು ಸೌಕರ್ಯ ಒಂದೆಡೆ ಸಿಗುವುದು ಸಾಗರದ ಆಚೆ ದಡದಲ್ಲಿಯೇ.

ತೊಡಕಿರುವುದು ದಿನಾಂಕದಲ್ಲಿ. 1986ರಲ್ಲಿ ಆರಂಭವಾದ ಎಆರ್‌ಸಿ ಎಂಬ ಸಾಮೂಹಿಕ ಪಯಣ ಪ್ರತಿವರ್ಷ ನವೆಂಬರ್‌ನಲ್ಲಿ ಇಲ್ಲಿಂದಲೇ ಕೆರಿಬಿಯನ್‌ನ ಸೇಂಟ್ ಲೂಸಿಯಾಗೆ ಹೊರಡುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಮರೀನಾದ ಜಾಗ ಬಹುಮಟ್ಟಿಗೆ ಆ ದೋಣಿಗಳಿಗೇ ಮೀಸಲು. ಉಳಿದವರು ಪಕ್ಕದ ಕಡಲತೀರದೆದುರು ಲಂಗರು ಹಾಕಿಕೊಂಡು, ರಬ್ಬರ್ ದೋಣಿಯಲ್ಲಿ ಬಿಡಿಭಾಗ ಹೊತ್ತು ತರಬೇಕು. ಚಂಡಮಾರುತದ ಋತು ಅಧಿಕೃತವಾಗಿ ನವೆಂಬರ್ 30ರವರೆಗೆ ಇರುವುದರಿಂದ ಎಲ್ಲರೂ ಒಂದೇ ಹೊತ್ತಿಗೆ ಬಂದು ಸೇರುವುದು ಸಹಜ. ದುರಸ್ತಿಯ ಕೆಲಸ ದೊಡ್ಡದಿದ್ದರೆ ಸೆಪ್ಟೆಂಬರ್‌ನಲ್ಲೇ ಬಂದು ಮುಗಿಸಿಕೊಂಡು ಬೇರೆ ದ್ವೀಪಕ್ಕೆ ಸರಿಯುವುದು, ಇಲ್ಲವೇ ಡಿಸೆಂಬರ್‌ಗೆ ಕಾಯುವುದು ಜಾಣತನ.

ಇನ್ನೂ ದಕ್ಷಿಣಕ್ಕಿರುವ ಮಿಂಡೆಲೊ ಬಂದರಿನಲ್ಲಿ ನಿಲ್ಲಬೇಕೇ ಎಂಬ ವಿಷಯದಲ್ಲಿ ನನಗೂ ಗೆಳೆಯರಿಗೂ ವಾದ ಇನ್ನೂ ಮುಗಿದಿಲ್ಲ. ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಗೆ ನೇರವಾಗಿ ಸುಮಾರು 2,700 ಮೈಲಿ. ಕೇಪ್ ವರ್ಡ್‌ನ ಮಿಂಡೆಲೊ ಮೂಲಕ ಹೋದರೆ ಮೊದಲ ಹಂತ 860, ಎರಡನೆಯದು 2,100ರ ಆಸುಪಾಸು. ಒಟ್ಟು ಸುಮಾರು 260 ಮೈಲಿ ಹೆಚ್ಚು. ಕಾಗದದ ಮೇಲೆ ಇದು ಸುತ್ತುದಾರಿ. ಆದರೆ ಸ್ಥಿರವಾದ ವಾಣಿಜ್ಯ ಮಾರುತ ಹಿಡಿಯಲು ನೇರ ಹೊರಟವರೂ, ನಾವಿಕರ ಮಾತಿನಲ್ಲಿ ‘ಬೆಣ್ಣೆ ಕರಗುವವರೆಗೆ’, ದಕ್ಷಿಣಕ್ಕೆ ಇಳಿದು ಆಮೇಲೆ ಪಶ್ಚಿಮಕ್ಕೆ ತಿರುಗುವುದು ಹಳೆಯ ಪದ್ಧತಿ. ಹೇಗೂ ಅತ್ತ ಇಳಿಯುವುದಾದರೆ, ಆರೇಳು ದಿನ ಸಾಗಿದ ಮೇಲೆ ಸವೆದ ಹಗ್ಗ, ಸೋರುವ ಪಂಪು, ಸಮುದ್ರವೇ ಒಗ್ಗದ ಜೊತೆಗಾರ, ಇವೆಲ್ಲ ಗೊತ್ತಾಗುವ ಹೊತ್ತಿಗೆ ಒಂದು ಬಂದರು ಸಿಗುವುದು ದೊಡ್ಡ ಲಾಭ ಎಂಬುದು ನನ್ನ ವಾದ. ಹಾಗೆ ಗೊತ್ತಾದದ್ದನ್ನು ಸರಿಪಡಿಸುವ ಬಿಡಿಭಾಗ ಅಲ್ಲಿ ಸಿಗುವುದಿಲ್ಲವಲ್ಲ ಎಂಬುದು ಅವರ ಉತ್ತರ. ಅದೂ ನಿಜವೇ.

ಮಿಂಡೆಲೊ ಇರುವ, ಸಾವ್ ವಿಸೆಂಟೆ ದ್ವೀಪದ ಪೋರ್ತೊ ಗ್ರಾಂಡೆ ಕೊಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಹಬೆಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದ ತಾಣ. ಒಳಗೆ ಸಾಕಷ್ಟು ರಕ್ಷಣೆಯಿದೆ, ಆದರೆ ಎದುರಿನ ಸಾಂತೊ ಅಂತಾವ್ ದ್ವೀಪಕ್ಕೂ ಇದಕ್ಕೂ ನಡುವಿನ ಜಲಸಂಧಿಯಲ್ಲಿ ಗಾಳಿ ಕಿರಿದಾಗಿ ಹಿಂಡಿಕೊಂಡು ವೇಗ ಪಡೆಯುತ್ತದೆ. ಅಲ್ಲಿಗೆ ಬರುವ ಮೊದಲೇ ಹಾಯಿ ಕುಗ್ಗಿಸಿರಬೇಕು. ಮರೀನಾದ ತೇಲುವ ಪಾಂಟೂನ್‌ಗಳು ಒಳನುಗ್ಗುವ ಅಲೆಗೆ ಹಗಲಿರುಳೂ ನರಳುತ್ತವೆ. ದೋಣಿ ಒಂದು ಮಾರು ಮುಂದೆ ಹೋಗಿ, ಹಗ್ಗ ಬಿಗಿದು, ಜಗ್ಗಿ ಹಿಂದೆ ಬರುತ್ತದೆ. ಹಗ್ಗ ದೋಣಿಯ ಅಂಚಿಗೆ ತಾಗುವಲ್ಲಿ ಹಳೆಯ ಪೈಪು ತೊಡಿಸಿ, ನಡುವೆ ರಬ್ಬರಿನ ಎಳೆತಡೆ ಹಾಕದಿದ್ದರೆ ಎಳೆಗಳು ಒಂದೊಂದಾಗಿ ಬಿಡಿಸಿಕೊಳ್ಳತೊಡಗುತ್ತವೆ. ಸಹಾರಾದ ಕೆಂಪು ಧೂಳು ಗಾಳಿ ಬೀಸುವ ಕಡೆಯ ಹಗ್ಗಗಳ ಮೇಲೆಲ್ಲ ಕೂರುತ್ತದೆ. ತೊಳೆಯೋಣವೆಂದರೆ ಮಳೆ ಕಡಿಮೆಯಿರುವ ಆ ದ್ವೀಪದಲ್ಲಿ ಸಿಹಿನೀರು ಬರುವುದೇ ಸಮುದ್ರದ ನೀರನ್ನು ಸಂಸ್ಕರಿಸಿ, ಹಾಗಾಗಿ ಮಿತವಾಗಿ ಬಳಸಬೇಕು. ತರಕಾರಿಯ ಬಹುಪಾಲು ಹಸಿರಾಗಿರುವ ಸಾಂತೊ ಅಂತಾವ್‌ನಿಂದ ದೋಣಿಯಲ್ಲಿ ಬರುತ್ತದೆ. ಫ್ರಿಜ್‌ನಲ್ಲಿ ಇಡದ ಮೊಟ್ಟೆಯನ್ನೇ ಕೇಳಿ ಕೊಳ್ಳಬೇಕು, ಏಕೆಂದರೆ ಒಮ್ಮೆ ತಣ್ಣಗಾದದ್ದು ಹೊರಗೆ ಬಾಳುವುದಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಧಕ್ಕೆಯಲ್ಲೇ ಬಿಟ್ಟು ಹತ್ತಬೇಕು. ಜಿರಳೆಯ ಮೊಟ್ಟೆ ದೋಣಿಯೊಳಗೆ ಬರುವುದು ಅವುಗಳ ಮಡಿಕೆಯಲ್ಲಿ.

ಭಾರತದ ಪಾಸ್‌ಪೋರ್ಟ್ ಹೊಂದಿದವರಿಗೆ ಇನ್ನೊಂದು ಜರಡಿಯಿದೆ, ಐರೋಪ್ಯ ಲೇಖಕರ ಮಾರ್ಗದರ್ಶಿಗಳಲ್ಲಿ ಇದು ಬರುವುದು ಕಡಿಮೆ. ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು, ಮತ್ತು ಕೆನರಿ, ಮಡೈರಾ, ಅಜೋರ್ಸ್ ಮೂರೂ ಆ ವ್ಯಾಪ್ತಿಯಲ್ಲಿವೆ. ವಿಮಾನದಲ್ಲಿ ಬಂದು ದೋಣಿಯಲ್ಲಿ ಹೊರಡುವವರು ಬಂದರಿನ ಗಡಿ ಪೊಲೀಸರ ಬಳಿ ನಿರ್ಗಮನ ದಾಖಲಿಸಿಕೊಳ್ಳದಿದ್ದರೆ ಕಡತದಲ್ಲಿ ಅವರು ಯುರೋಪಿನಲ್ಲೇ ಉಳಿದಿರುತ್ತಾರೆ. ಆದ್ದರಿಂದ ಕೊನೆಯ ಯುರೋಪಿಯನ್ ನಿಲುಗಡೆ ಅಂಥ ಕಚೇರಿಯಿರುವ ಬಂದರಾಗಿರಬೇಕು. ಚೆಂದದ ಪುಟ್ಟ ಮೀನುಗಾರಿಕೆ ಬಂದರು ಇಲ್ಲಿ ಕೈಬಿಟ್ಟುಹೋಗುತ್ತದೆ. ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪ ಫ್ರಾನ್ಸಿನದೇ ಭಾಗವಾದರೂ ಷೆಂಗೆನ್‌ಗೆ ಸೇರಿಲ್ಲ, ಅದಕ್ಕೆ ಪ್ರತ್ಯೇಕ ವೀಸಾ ಬೇಕು. ಅಲ್ಲಿನ ಲ ಮರಾಂ ಮರೀನಾ ಎಷ್ಟೇ ದೊಡ್ಡದಾದರೂ, ದುರಸ್ತಿಗೆ ಎಷ್ಟೇ ಅನುಕೂಲವಾದರೂ, ಆ ವೀಸಾ ಕೈಯಲ್ಲಿಲ್ಲದೆ ಅದನ್ನು ಮೊದಲ ಗುರಿಯಾಗಿಸಿಕೊಳ್ಳುವಂತಿಲ್ಲ. ಯಾವ ದ್ವೀಪವಾದರೂ ಹಳದಿ ಬಾವುಟ ಏರಿಸಿ, ನಾಯಕ ಒಬ್ಬನೇ ಇಳಿದು ಕಾಗದಪತ್ರ ಮುಗಿಸಿ ಬರುವವರೆಗೆ ಉಳಿದವರು ದೋಣಿಯಲ್ಲೇ ಇರಬೇಕು.

ವಾಪಸು ದಾರಿಯಲ್ಲಿ, ಮೇ ಮತ್ತು ಜೂನ್‌ನಲ್ಲಿ, ಆಯ್ಕೆ ಬಹಳ ಕಿರಿದು: ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಹೋರ್ತಾ. ಬರ್ಮುಡಾದಿಂದ ಸುಮಾರು 1,800 ಮೈಲಿ. ಆ ತಿಂಗಳುಗಳಲ್ಲಿ ಜಾಗ ಸಾಲದೆ ದೋಣಿಗಳನ್ನು ಗೋಡೆಯ ಬದಿಯಲ್ಲಿ ಒಂದರ ಮಗ್ಗುಲಿಗೆ ಒಂದನ್ನು ಕಟ್ಟುತ್ತಾರೆ. ಹಿಂದೆ ಬಂದವರು ಬಿಟ್ಟುಹೋದ ಚಿತ್ರಗಳು ಗೋಡೆಯ ತುಂಬ ಇರುತ್ತವೆ. ಇದಕ್ಕೂ ಪಶ್ಚಿಮಕ್ಕಿರುವ ಫ್ಲೋರೆಸ್ ದ್ವೀಪದ ಲಾಜೆಸ್‌ನಲ್ಲಿ ಮೊದಲು ನಿಂತು ಸುಧಾರಿಸಿಕೊಳ್ಳುವ ರೂಢಿಯಿತ್ತು. 2019ರ ಅಕ್ಟೋಬರ್‌ನಲ್ಲಿ ಲೊರೆನ್ಸೊ ಚಂಡಮಾರುತ ಆ ಬಂದರನ್ನು ನುಚ್ಚುನೂರು ಮಾಡಿತು. ಅದಕ್ಕೂ ಮುಂಚೆ ಅಚ್ಚಾದ ಪೈಲಟ್ ಪುಸ್ತಕದಲ್ಲಿ (ನಾವಿಕರ ಬಂದರು ಕೈಪಿಡಿಯಲ್ಲಿ) ಅಲೆತಡೆ ಇನ್ನೂ ಇಡಿಯಾಗಿಯೇ ಇದೆ, ಆದ್ದರಿಂದ ಪುಸ್ತಕದ ಮುದ್ರಣ ವರ್ಷ ನೋಡದೆ ಅದರ ನಕಾಶೆಯನ್ನು ನಂಬಬಾರದು.

ಹೋರ್ತಾದಲ್ಲಿ ಇಳಿಯುವ ದಿನಾಂಕಕ್ಕೂ ವೀಸಾದ ಲೆಕ್ಕ ತಗುಲುತ್ತದೆ. ಜೂನ್ 1ರಂದು ಪ್ರವೇಶಿಸಿದರೆ 180 ದಿನಗಳ ಅವಧಿ ಹಿಂದಕ್ಕೆ ಡಿಸೆಂಬರ್ 4ರವರೆಗೆ ಚಾಚುತ್ತದೆ. ನವೆಂಬರ್ ಕೊನೆಯೊಳಗೆ ಕೆನರಿ ಬಿಟ್ಟವರ ಶರತ್ಕಾಲದ ದಿನಗಳೆಲ್ಲ ಅಷ್ಟರಲ್ಲಿ ಅದರಿಂದ ಹೊರಬಿದ್ದಿರುತ್ತವೆ, ಪೂರ್ತಿ 90 ದಿನ ಕೈಗೆ ಬರುತ್ತದೆ. ಡಿಸೆಂಬರ್ ನಡುವಿನವರೆಗೆ ಲಾಸ್ ಪಾಲ್ಮಾಸ್‌ನಲ್ಲಿ ಗಾಳಿ ಕಾಯುತ್ತ ಕುಳಿತವರ ಕೆಲವು ದಿನಗಳು ಅಂದು ಇನ್ನೂ ಅದರೊಳಗೇ ಇರುತ್ತವೆ, ಆದರೆ ದಿನ ಕಳೆದಂತೆ ಅವೂ ಹೊರಬೀಳುತ್ತವೆ. ವೀಸಾದ ಅವಧಿಯೂ ಬಹುಪ್ರವೇಶದ ಅನುಮತಿಯೂ ಆ ದಿನಾಂಕದವರೆಗೆ ಇರಬೇಕಾದದ್ದಂತೂ ಇಬ್ಬರಿಗೂ ಒಂದೇ.