ಕೆಂಪು ಧೂಳಿನ ರೇಡಿಯೋ

ಮೇಷ್ಟ್ರು ಆ ರೇಡಿಯೋ ಕೊಟ್ಟ ದಿನ ನಾನು ಮಾಡಿದ ಮೊದಲ ಕೆಲಸ ಅದರ ಮುಂದಿನ ಮುಚ್ಚಳ ಬಿಚ್ಚಿದ್ದು. ಸ್ಪೀಕರ್ ಜಾಲರಿ ಹಿಂದಿನಿಂದ ಒಂದು ಚಮಚದಷ್ಟು ಕೆಂಪು ಧೂಳು ಹಳೇ ಪೇಪರ್ ಮೇಲೆ ಸುರಿಯಿತು. ಇಟ್ಟಿಗೆ ಪುಡಿಯ ಕೆಂಪಲ್ಲ. ಅದಕ್ಕಿಂತ ಗಾಢ, ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದುಬಿಡುವಂಥದ್ದು. ಸಂಡೂರು, ಹೊಸಪೇಟೆ ಕಡೆ ಓಡಾಡಿದವರಿಗೆ ಆ ಬಣ್ಣ ಗೊತ್ತೇ ಇರುತ್ತದೆ. ಅದಿರಿನ ಧೂಳು.

ಮೇಷ್ಟ್ರು ಅಂದರೆ ನಮ್ಮ ಊರಿನ ಹಿರಿಯ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತರಾದವರು. ನನಗೆ ಹ್ಯಾಮ್ ಪರೀಕ್ಷೆ ಕಟ್ಟಿಸಿದವರೂ ಅವರೇ. ಹಳೇ ಸಾಮಾನು ಹರಾಜು ಹಾಕಿದ ಕಡೆಯಿಂದ ಮೂರು ರೇಡಿಯೋ ತಂದಿದ್ದರು, ಅದರಲ್ಲಿ ಒಂದನ್ನು ನನಗೆ ಮೂರೂವರೆ ಸಾವಿರಕ್ಕೆ ಕೊಟ್ಟರು. ಮೋಟೊರೋಲಾ ಜಿಎಂ338. ಇದು ಕೈಯಲ್ಲಿ ಹಿಡಿಯುವ ವಾಕಿಟಾಕಿ ಅಲ್ಲ, ಜೀಪಿನಲ್ಲೋ ಕಂಟ್ರೋಲ್ ರೂಮಿನಲ್ಲೋ ಕೂರಿಸುವ ಡಬ್ಬಿ. 136ರಿಂದ 174 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ, ನಮಗೆ ಕೊಟ್ಟಿರುವ 144ರಿಂದ 146 ಆ ಮಧ್ಯೆಯೇ ಬರುತ್ತದೆ. 25 ವ್ಯಾಟ್. ನನ್ನದು ಹ್ಯಾಮ್ ಲೈಸೆನ್ಸಿನ ಕೆಳಗಿನ ದರ್ಜೆ, ರಿಸ್ಟ್ರಿಕ್ಟೆಡ್ ಗ್ರೇಡ್. ಅದಕ್ಕೂ 50 ವ್ಯಾಟ್‌ವರೆಗೆ ಅವಕಾಶ ಇದೆ, ಹಾಗಾಗಿ ಆ ಕಡೆಯಿಂದ ತೊಂದರೆ ಇಲ್ಲ. ಲೈಸೆನ್ಸ್ ಇಲ್ಲದವರು ಮಾತ್ರ ಅಗ್ಗಕ್ಕೆ ಸಿಕ್ತು ಅಂತ ಇಂಥದ್ದನ್ನು ಮನೆಗೆ ತರಬೇಡಿ. ಇಟ್ಟುಕೊಳ್ಳೋದೂ ಕಾನೂನಿಗೆ ವಿರುದ್ಧ.

ಹ್ಯಾಮ್‌ಗಳಿಗೆ ಅಂತಲೇ ಮಾಡಿದ ರೇಡಿಯೋ ನೋಡಿದವರಿಗೆ ಇದು ಬಹಳ ಬಡ ಪದಾರ್ಥದ ಹಾಗೆ ಕಾಣುತ್ತದೆ. ಮುಂದೆ ಒಂದು ಚಿಕ್ಕ ಪರದೆ, ನಾಲ್ಕಾರು ಬಟನ್, ಒಂದು ವಾಲ್ಯೂಮ್ ತಿರುಪು. ಫ್ರೀಕ್ವೆನ್ಸಿ ತಿರುಗಿಸುವ ಗುಂಡಿ ಇಲ್ಲವೇ ಇಲ್ಲ. ಯಾಕೆ ಇರಬೇಕು ಹೇಳಿ? ಇದನ್ನು ಬಳಸುತ್ತಿದ್ದವರು ಲಾರಿ ಡ್ರೈವರ್, ಸೂಪರ್‌ವೈಸರ್, ಗೇಟಿನ ಸೆಕ್ಯುರಿಟಿ. ಅವರ ಕೈಗೆ ಫ್ರೀಕ್ವೆನ್ಸಿ ತಿರುಪು ಕೊಟ್ಟರೆ ಸಂಜೆಯೊಳಗೆ ಒಬ್ಬೊಬ್ಬರು ಒಂದೊಂದು ಕಡೆ ಇರುತ್ತಾರೆ. ಅದಕ್ಕೇ ಯಾವ ಚಾನೆಲ್‌ನಲ್ಲಿ ಏನು ಇರಬೇಕು ಅನ್ನೋದನ್ನೆಲ್ಲ ಕಂಪ್ಯೂಟರಿನಿಂದ ಒಳಗೆ ಬರೆದು ಕೊಟ್ಟುಬಿಡುತ್ತಾರೆ. ಆ ಬರಹಕ್ಕೆ ಕೋಡ್‌ಪ್ಲಗ್ ಅಂತ ಹೆಸರು. ಹಿಂದೆ ಅದು ನಿಜಕ್ಕೂ ರೇಡಿಯೋ ಒಳಗೆ ಚುಚ್ಚುವ ಒಂದು ಪ್ಲಗ್ಗೇ ಆಗಿತ್ತು. ಈಗ ಬರೀ ಫೈಲು, ಹೆಸರು ಮಾತ್ರ ಉಳಿದಿದೆ.

ಹೋದ ವರ್ಷ ಬೇಸಿಗೆಯ ಒಂದು ಭಾನುವಾರ ಇದನ್ನು ಎಬ್ಬಿಸೋಣ ಅಂತ ಕೂತೆ. ಮಾತಾಡಿ ನೋಡೋದಕ್ಕೆ ಚಳ್ಳಕೆರೆಯ ಗೆಳೆಯನೊಬ್ಬ ತಯಾರಾಗಿದ್ದ. ಅವನಿಗೆ ಎಣ್ಣೆ ಗಾಣದ ವ್ಯಾಪಾರ, ಹವ್ಯಾಸ ಹ್ಯಾಮ್. ಅವನ ಮಾಳಿಗೆ ಮೇಲೆ ಒಳ್ಳೆಯ ಯಾಗಿ ಆಂಟೆನಾ ಇದೆ. ನಾನು ಚಿತ್ರದುರ್ಗ. ಮಧ್ಯೆ ಸುಮಾರು 30 ಕಿಲೋಮೀಟರ್. ನನ್ನ ಹತ್ತಿರ ಅಲ್ಲಿವರೆಗೆ ಇದ್ದದ್ದು ಅಗ್ಗದ ಒಂದು ಚೀನಾ ಹ್ಯಾಂಡಿ, ಕೈಯಲ್ಲಿ ಹಿಡಿಯುವ ವಾಕಿಟಾಕಿ. ಅದರಲ್ಲಿ ಕರೆದರೆ ಅವನಿಗೆ ಬರೀ ಹುರಿಗಡಲೆ ಹುರಿದ ಶಬ್ದ. ಊರಿನ ಮಧ್ಯೆ ಬಂದರಂತೂ ಅಕ್ಕಪಕ್ಕದ ಟವರುಗಳ ಆರ್ಭಟಕ್ಕೆ ಆ ಹ್ಯಾಂಡಿಗೆ ಕಿವಿಯೇ ಮುಚ್ಚಿ ಹೋಗುತ್ತಿತ್ತು.

ಮೊದಲು ಓದಬೇಕು. ಮೇಷ್ಟ್ರು ಇದನ್ನು ಮೂರು ಸಲ ಹೇಳಿ ಕಳಿಸಿದ್ದರು. "ಓದದೆ ಬರೀಬೇಡ ಕಣಯ್ಯ. ಪರೀಕ್ಷೇಲೂ ಅಷ್ಟೆ, ಇದ್ರಲ್ಲೂ ಅಷ್ಟೆ." ರೇಡಿಯೋ ಒಳಗೆ ಇರುವುದನ್ನು ಓದಿ ಒಂದು ಪ್ರತಿ ಉಳಿಸಿಕೊಳ್ಳದೆ ಹೊಸದನ್ನು ಬರೆಯಲು ಹೋಗಿ ಕೆಟ್ಟರೆ, ಕೈಯಲ್ಲಿ ಉಳಿಯೋದು ಅಲ್ಯೂಮಿನಿಯಂ ಇಟ್ಟಿಗೆ.

ಓದುವುದಕ್ಕೆ ಬೇಕಾದ ಸಾಮಾನು ಒಟ್ಟು ಮಾಡುವುದಕ್ಕೇ ಎರಡು ವಾರ ಹಿಡಿದಿತ್ತು. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಯುಎಸ್‌ಬಿ ಕೇಬಲ್ ಒಳಗೆ ನಕಲಿ ಚಿಪ್, ಹೊಸ ವಿಂಡೋಸ್ ಅದರ ಮುಖ ಕೂಡ ನೋಡಲಿಲ್ಲ. ಕೊನೆಗೆ ಮೇಷ್ಟ್ರ ಮನೆಯ ಹಳೇ ಲ್ಯಾಪ್‌ಟಾಪ್, ವಿಂಡೋಸ್ ಎಕ್ಸ್‌ಪಿ, ಹಿಂದುಗಡೆ ಒಂಬತ್ತು ಪಿನ್ನಿನ ನಿಜವಾದ ಸೀರಿಯಲ್ ಪೋರ್ಟ್, ಜೊತೆಗೆ ಅವರ ರಿಬ್ ಬಾಕ್ಸ್, ಎಲ್ಲ ಎತ್ತಿಕೊಂಡು ಬಂದೆ. ಕಂಪ್ಯೂಟರಿನ ಸೀರಿಯಲ್ ಪೋರ್ಟ್ ಆಡುವ ವೋಲ್ಟೇಜೇ ಬೇರೆ, ರೇಡಿಯೋಗೆ ಅರ್ಥವಾಗುವ ವೋಲ್ಟೇಜೇ ಬೇರೆ. ಇಬ್ಬರ ಮಧ್ಯೆ ದುಭಾಷಿ ಕೆಲಸ ಮಾಡುವ ಚಿಕ್ಕ ಡಬ್ಬಿ ಅದು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು. ಕರೆಂಟ್ ಇದ್ದರೆ ಮಾತ್ರ ಉಸಿರಾಡುತ್ತಿತ್ತು. ಇದು ನೆನಪಿರಲಿ, ಮುಂದೆ ಬರುತ್ತದೆ.

ಓದಿದೆ. ಪರದೆ ಮೇಲೆ ಒಂದೊಂದೇ ಚಾನೆಲ್ ಹೆಸರು ತೆರೆದುಕೊಂಡಿತು. ಪಿಟ್ ಒಂದು. ಪಿಟ್ ಎರಡು. ಕ್ರಷರ್. ಸ್ಟಾಕ್ ಯಾರ್ಡ್. ವೇ ಬ್ರಿಜ್, ಅಂದರೆ ಲಾರಿ ತೂಕ ಹಾಕುವ ಜಾಗ. ಗೇಟ್. ನಾನು ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಕೂತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಮುಂದಿನ ತಿಂಗಳು ನಮ್ಮ ಚಿತ್ರದುರ್ಗಕ್ಕೂ ತುಮಕೂರಿಗೂ ಅದೇ ಆದೇಶ ಬಂತು. ಆಗ ನಾನು ಕಾಲೇಜಿನಲ್ಲಿದ್ದೆ. ರಸ್ತೆ ತುಂಬ ಇರುತ್ತಿದ್ದ ಅದಿರಿನ ಲಾರಿಗಳು ಒಂದೇ ಸಲಕ್ಕೆ ಮಾಯವಾಗಿದ್ದು, ಪೆಟ್ರೋಲ್ ಬಂಕ್ ಪಕ್ಕದ ಡಾಬಾ ಬಾಗಿಲು ಹಾಕಿದ್ದು ಚೆನ್ನಾಗಿ ನೆನಪಿದೆ. ಆ ದಿನ ಈ ಡಬ್ಬಿಯಲ್ಲಿ ಕೊನೆಗೆ ಯಾರು ಏನು ಹೇಳಿರಬಹುದು ಅಂತ ಒಂದು ಯೋಚನೆ ಬಂದು ಹೋಯಿತು.

ಆ ಫ್ರೀಕ್ವೆನ್ಸಿಗಳು ಯಾವುದೋ ಕಂಪನಿಗೆ ಸರ್ಕಾರ ಹಂಚಿಕೊಟ್ಟದ್ದು, ನನ್ನದಲ್ಲ. ಕುತೂಹಲಕ್ಕೂ ಅದನ್ನು ರೇಡಿಯೋದಲ್ಲಿ ಬಿಡೋ ಹಾಗಿಲ್ಲ. ಫೈಲಿನ ಒಂದು ಪ್ರತಿ ಮಾತ್ರ ಇಟ್ಟುಕೊಂಡು, ರೇಡಿಯೋದಿಂದ ಅಳಿಸಬೇಕು. ಇಲ್ಲಿ ನಾನು ಒಂದು ಸೋಮಾರಿತನ ಮಾಡಿದೆ. ಹೊಸ ಚಾನೆಲ್ ಸೊನ್ನೆಯಿಂದ ಮಾಡುವ ಬದಲು ವೇ ಬ್ರಿಜ್ ಚಾನೆಲ್ಲನ್ನೇ ಹಿಡಿದು, ಅದರ ಕಳಿಸುವ ಮತ್ತು ಕೇಳುವ ಫ್ರೀಕ್ವೆನ್ಸಿ ಎರಡನ್ನೂ ನಮ್ಮ ಗುಂಪಿನ ಫ್ರೀಕ್ವೆನ್ಸಿಗೆ ಬದಲಾಯಿಸಿ, ಉಳಿದ ಐದನ್ನು ಅಳಿಸಿ, ಬರೆದುಬಿಟ್ಟೆ. ಬೀಪ್ ಅಂದಿತು. ಗೆದ್ದೆ ಅಂದುಕೊಂಡೆ.

ಆಂಟೆನಾ ಹಿಂದಿನ ದಿನವೇ ಮಾಡಿದ್ದೆ. 300ನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಬರುತ್ತದೆ, ನಮ್ಮ ಬ್ಯಾಂಡಿಗೆ ಎರಡು ಮೀಟರ್ ಚಿಲ್ಲರೆ. ಅದರ ಕಾಲು ಭಾಗ, ಸ್ವಲ್ಪ ಮೊಟಕು ಮಾಡಿದರೆ 49 ಸೆಂಟಿಮೀಟರ್. ಮನೆ ವೈರಿಂಗಿನ ದಪ್ಪ ತಾಮ್ರದ ತಂತಿ ಐದು ತುಂಡು. ಒಂದು ಮೇಲಕ್ಕೆ, ನಾಲ್ಕು ಛತ್ರಿ ಕಡ್ಡಿ ಹಾಗೆ ಕೆಳಕ್ಕೆ ಬಾಗಿಸಿ ಸಾಕೆಟ್‌ಗೆ ಬೆಸುಗೆ. ಮಾಳಿಗೆ ಮೇಲೆ ಅಮ್ಮ ಸಂಡಿಗೆ ಒಣಗಿಸಿದ್ದರು. ಪೈಪು ನಿಲ್ಲಿಸುವಾಗ ನನ್ನ ಕಾಲು ಸಂಡಿಗೆ ಹರಡಿದ್ದ ಸೀರೆ ಮೇಲೆ ಬಿತ್ತು. ಅದರ ವಿವರ ಬೇಡ. ರೇಡಿಯೋ ಹಿಂದಿನ ಸಾಕೆಟ್ ನಾವು ಬಳಸುವ ಪಿಎಲ್ 259 ಕನೆಕ್ಟರನ್ನು ಹಿಡಿಯಲ್ಲ, ಅದಕ್ಕೊಂದು ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದೆ. ಕೇಬಲ್ ಮಾತ್ರ ಮನೆಯಲ್ಲೇ ಬಿದ್ದಿದ್ದ ತೆಳ್ಳನೆಯ ಆರ್‌ಜಿ 58, ಹದಿನೈದು ಮೀಟರ್. ಆ ಉದ್ದಕ್ಕೆ ಹೆಚ್ಚುಕಡಿಮೆ ಅರ್ಧ ಶಕ್ತಿ ಕೇಬಲಿನಲ್ಲೇ ಸುಟ್ಟುಹೋಗುತ್ತದೆ. 25 ವ್ಯಾಟ್ ಕೊಟ್ಟು ಹನ್ನೆರಡು ವ್ಯಾಟ್ ಮೇಲೆ ಕಳಿಸೋದು ಅಂದರೆ ತೂತಿನ ಕೊಡದಲ್ಲಿ ನೀರು ತಂದ ಹಾಗೆ. ದುಡ್ಡಿದ್ದರೆ ರೇಡಿಯೋಗಿಂತ ಮೊದಲು ಕೇಬಲ್‌ಗೆ ಹಾಕಬೇಕು, ಇದನ್ನು ಎಲ್ಲರಿಗೂ ಹೇಳುತ್ತೇನೆ, ನಾನು ಮಾತ್ರ ಇನ್ನೂ ಹಾಕಿಲ್ಲ.

ಕರೆಂಟಿನ ಕತೆ ಇನ್ನೊಂದು. ಕಂಪ್ಯೂಟರ್ ಯುಪಿಎಸ್‌ನ ಹಳೇ 7 ಎಎಚ್ ಬ್ಯಾಟರಿಗೆ ಸಿಕ್ಕಿಸಿದೆ. ಕೇಳುವಾಗ ಚೆನ್ನಾಗಿತ್ತು. ಮೈಕ್ ಒತ್ತಿದ ಕೂಡಲೇ ಪರದೆ ಆರಿ, ರೇಡಿಯೋ ಮತ್ತೆ ಮೊದಲಿಂದ ಎದ್ದಿತು. ಪೂರ್ತಿ ಶಕ್ತಿಯಲ್ಲಿ ಮಾತಾಡುವಾಗ ಇದು ಆರೇಳು ಆಂಪಿಯರ್ ಎಳೆಯುತ್ತದೆ, ಆ ಮುದಿ ಬ್ಯಾಟರಿಗೆ ಅಷ್ಟು ದಮ್ಮಿಲ್ಲ. ಮನೆಯಲ್ಲಿ ದಮ್ಮಿರುವ ಬ್ಯಾಟರಿ ಒಂದೇ, ಹಾಲ್ ಮೂಲೆಯ ಇನ್ವರ್ಟರ್‌ದು. ಕೇಬಲನ್ನು ಕಿಟಕಿಯಿಂದ ಇಳಿಸಿ, ರೇಡಿಯೋನ ಇನ್ವರ್ಟರ್ ಪಕ್ಕ ಸ್ಟೂಲ್ ಮೇಲೆ ಇಟ್ಟೆ. ಇನ್ವರ್ಟರ್ ಚಾಲೂ ಇದ್ದರೆ ಸ್ಪೀಕರಿನಲ್ಲಿ ಜೀರುಂಡೆ ಕೂಗು. ಸರಿ, ಇನ್ವರ್ಟರಿನ ವೈರ್ ಬಿಚ್ಚಿ ಬರೀ ಬ್ಯಾಟರಿಗೆ ಕ್ಲಿಪ್ ಹಾಕಿದೆ. ಹನ್ನೊಂದು ಗಂಟೆ. ಹೊರಗೆ ಸುಡು ಬಿಸಿಲು. ಅಮ್ಮ ಫ್ಯಾನಿನ ಕೆಳಗೆ ಹುಣಸೆಹಣ್ಣಿನ ಬೀಜ ಬಿಡಿಸ್ತಾ ಇದ್ದರು.

ಮೈಕ್ ಒತ್ತಿ ನನ್ನ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ ಹೆಸರು, ಹೇಳಿ ಕರೆದೆ. ಬಿಟ್ಟೆ. ಮೌನ. ಮತ್ತೆ ಕರೆದೆ. ಮೌನ. ಆದರೆ ನಾನು ಬಿಟ್ಟಾಗೆಲ್ಲ ಮುಂದಿನ ದೀಪ ಮಿಣುಕುತ್ತಿತ್ತು. ನಾಲ್ಕನೇ ಸಲಕ್ಕೆ ಫೋನ್ ಬಂತು.

"ಏನ್ ಮಾರಾಯ, ಅಷ್ಟು ಚೆನ್ನಾಗಿ ಬರ್ತಿದ್ದೀಯ, ಉತ್ತರ ಕೊಟ್ಟರೆ ಕೇಳಿಸ್ಕೊಳ್ಳೋದೇ ಇಲ್ವಲ್ಲ? ಕಿವಿ ಮನೇಲಿಟ್ಟು ಬಂದ್ಯಾ?"

ಅಂದರೆ ಅವನು ಹೇಳುತ್ತಿದ್ದುದೆಲ್ಲ ಇಲ್ಲಿವರೆಗೆ ಬಂದು, ದೀಪ ಹಚ್ಚಿ, ಬಾಗಿಲಲ್ಲೇ ನಿಂತಿತ್ತು. ಒಳಗೆ ಬಿಡುತ್ತಿರಲಿಲ್ಲ. ಆಗ ಹೊಳೆಯಿತು: ಟೋನ್! ಈ ರೇಡಿಯೋಗಳಲ್ಲಿ ಮಾತಿನ ಜೊತೆ ಕಿವಿಗೆ ಬೀಳದ ಹಾಗೆ ಒಂದು ಸಣ್ಣ ಗುಂಯ್ ಸ್ವರ ಕಳಿಸುವ ಏರ್ಪಾಡಿದೆ, 67 ಹರ್ಟ್ಸ್‌ನಿಂದ 254ರವರೆಗೆ ಬೇರೆ ಬೇರೆ ಸ್ವರ. ನಮ್ಮ ಗುಂಪಿನ ಸ್ವರ ಬಂದರೆ ಮಾತ್ರ ಸ್ಪೀಕರ್ ಬಾಯಿ ಬಿಡು, ಪಕ್ಕದ ಗಣಿಯವರ ಮಾತು ಬೇಡ, ಅಂತ ರೇಡಿಯೋಗೆ ಹೇಳಿರುತ್ತಾರೆ. ಮೋಟೊರೋಲಾದವರು ಇದನ್ನು ಪ್ರೈವೇಟ್ ಲೈನ್ ಅಂತ ಕರೆದರು. ಪ್ರೈವೇಟ್ ಏನೂ ಅಲ್ಲ, ಟೋನ್ ಇಲ್ಲದ ರೇಡಿಯೋದಲ್ಲಿ ಯಾರು ಬೇಕಾದರೂ ಕೇಳಬಹುದು. ನಮ್ಮ ಕಿವಿಗೆ ಮಾತ್ರ ಹತ್ತಿ ಇಟ್ಟುಕೊಂಡ ಹಾಗೆ ಅಷ್ಟೆ. ಫ್ರೀಕ್ವೆನ್ಸಿ ಬದಲಾಯಿಸಿದ ನಾನು ಹತ್ತಿ ತೆಗೆದಿರಲಿಲ್ಲ. ಪಾಪ ರೇಡಿಯೋ ಇನ್ನೂ ವೇ ಬ್ರಿಜ್‌ನವರಿಗೇ ಕಾಯ್ತಾ ಕೂತಿತ್ತು.

ಹ್ಯಾಮ್ ರೇಡಿಯೋ ಆಗಿದ್ದರೆ ಎರಡು ಬಟನ್ ಒತ್ತಿ ಟೋನ್ ತೆಗೆಯಬಹುದು. ಇದಕ್ಕೆ ಲ್ಯಾಪ್‌ಟಾಪ್ ಬೇಕು. ಲ್ಯಾಪ್‌ಟಾಪ್ ಆನ್ ಮಾಡಿದೆ, ವಿಂಡೋಸ್ ಬಾವುಟ ಹಾರಾಡುತ್ತಿರುವಾಗಲೇ ಕರೆಂಟ್ ಹೋಯಿತು.

ಲ್ಯಾಪ್‌ಟಾಪ್ ಸತ್ತಿತು. ಫ್ಯಾನ್ ನಿಂತಿತು. ಇನ್ವರ್ಟರ್ ಬರಬೇಕಿತ್ತು, ಬರಲಿಲ್ಲ. ಅಮ್ಮ ಹುಣಸೆಹಣ್ಣಿನಿಂದ ತಲೆ ಎತ್ತಿ ಮೊದಲು ಫ್ಯಾನ್ ನೋಡಿದರು, ಆಮೇಲೆ ಮೂಲೆ ನೋಡಿದರು, ಆಮೇಲೆ ನನ್ನ ನೋಡಿದರು. "ಆ ಡಬ್ಬಿಗೆ ಗಾಳಿ ಬೇಕಾ ನನಗೆ ಬೇಕಾ ಹೇಳಪ್ಪ." ಇದಕ್ಕೆ ಉತ್ತರ ಕೊಡುವಷ್ಟು ದಡ್ಡ ನಾನಲ್ಲ. ಇನ್ವರ್ಟರ್ ವೈರ್ ಮತ್ತೆ ಸಿಕ್ಕಿಸಿದೆ, ಫ್ಯಾನ್ ತಿರುಗಿತು, ಅದೇ ಪುಣ್ಯದಲ್ಲಿ ಲ್ಯಾಪ್‌ಟಾಪೂ ಎದ್ದಿತು. ಈ ಸಲ ಚಾನೆಲ್ಲಿನ ಒಂದೊಂದೇ ಸಾಲು ಓದಿದೆ. ಕೇಳುವ ಟೋನ್ ತೆಗೆದೆ, ಕಳಿಸುವ ಟೋನ್ ತೆಗೆದೆ. ಬ್ಯಾಂಡ್‌ವಿಡ್ತ್, ಅಂದರೆ ಮಾತಿಗೆ ಸಿಗುವ ಅಗಲ, 12.5 ಕಿಲೋಹರ್ಟ್ಸ್ ಅಂತಿತ್ತು, ಗೆಳೆಯನ ರೇಡಿಯೋ 25ರದ್ದು. ಅದಕ್ಕೇ ಅವನು ಫೋನಿನಲ್ಲಿ "ಧ್ವನಿ ಸ್ವಲ್ಪ ಸಣ್ಣಕಿದೆ" ಅಂದಿದ್ದ. ಅದನ್ನೂ ಬದಲಾಯಿಸಿದೆ. ಬರೆದೆ. ಚಾನೆಲ್ ಹೆಸರು ಬದಲಾಯಿಸೋಣ ಅಂತ ಹೋದವನು ಯಾಕೋ ಬಿಟ್ಟೆ. ವೇ ಬ್ರಿಜ್ ಅಂತಲೇ ಇರಲಿ.

ಕರೆಂಟ್ ಬರುವವರೆಗೆ ಕಾದು, ಅಮ್ಮನನ್ನು ಕೇಳಿಯೇ ಇನ್ವರ್ಟರ್ ಬಿಚ್ಚಿ, ಮತ್ತೆ ಕರೆದೆ.

ಬಂತು! ಸ್ಪೀಕರಿನಲ್ಲಿ ಅವನ ಧ್ವನಿ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದ ಹಾಗೆ. ಅಷ್ಟು ಜೋರು. ಡೀಸೆಲ್ ಎಂಜಿನ್, ಕ್ರಷರ್ ಗದ್ದಲದ ಮಧ್ಯೆ ಕೇಳಿಸಬೇಕು ಅಂತ ಮಾಡಿದ ಸ್ಪೀಕರ್ ಅಲ್ವಾ. ಅದಕ್ಕಿಂತ ಖುಷಿಯಾಗಿದ್ದು ಅವನು ಮಾತು ನಿಲ್ಲಿಸಿದ ಮೇಲಿನ ಮೌನ. ಹ್ಯಾಂಡಿಯಲ್ಲಿ ಸದಾ ಇರುತ್ತಿದ್ದ ಚರಚರ, ಎಲ್ಲಿಂದಲೋ ನುಗ್ಗುವ ಪೇಂ ಪೇಂ, ಒಂದೂ ಇಲ್ಲ. ಟವರುಗಳು ಅಲ್ಲೇ ಇದ್ದವು, ಇದು ಅವಕ್ಕೆ ಸೊಪ್ಪು ಹಾಕಲಿಲ್ಲ. ತನಗೆ ಬೇಡದ್ದನ್ನು ಬಾಗಿಲಾಚೆ ಇಡುವುದರಲ್ಲಿ ಈ ರೇಡಿಯೋಗಳದ್ದು ಎತ್ತಿದ ಕೈ. ಬೆಳಿಗ್ಗೆ ನನಗೆ ಕಾಟ ಕೊಟ್ಟದ್ದೂ ಅದೇ ಗುಣ ತಾನೇ.

ನಾನು ಉತ್ಸಾಹದಲ್ಲಿ ಆಂಟೆನಾ, ಸಂಡಿಗೆ, ನಕಲಿ ಚಿಪ್, ಎಲ್ಲ ಕತೆ ಶುರು ಮಾಡಿದೆ. ಒಂದು ನಿಮಿಷಕ್ಕೆ ಸರಿಯಾಗಿ ರೇಡಿಯೋ ಕೊಂಯ್ ಅಂತ ಕೂಗಿ ನನ್ನ ಮಾತು ಕತ್ತರಿಸಿತು. ಟೈಮ್ ಔಟ್ ಟೈಮರ್. ಮೈಕ್ ಸೀಟಿನ ಕೆಳಗೆ ಸಿಕ್ಕಿ ಒತ್ತಿಕೊಂಡರೆ ಇಡೀ ಗಣಿಯ ಚಾನೆಲ್ ಬಂದಾಗಬಾರದಲ್ಲ, ಅದಕ್ಕೆ 60 ಸೆಕೆಂಡ್ ಇಟ್ಟಿದ್ದಾರೆ. ಅದನ್ನೂ ನಾನು ಬದಲಾಯಿಸಿರಲಿಲ್ಲ. "ಲಾರಿ ಬಂತು, ತೂಕ ಆಯ್ತು, ಬಿಡ್ಲಾ" ಅನ್ನುವವರಿಗೆ 60 ಸೆಕೆಂಡ್ ಅಂದರೆ ಧಾರಾಳ. ಹ್ಯಾಮ್‌ಗಳಿಗೆ ಹವಾಮಾನ ಹೇಳಿ ಮುಗಿಸುವುದಕ್ಕೂ ಸಾಲದು. ಗೆಳೆಯನಿಗೆ ಬಹಳ ಇಷ್ಟವಾಯಿತು. "ನಿನಗೆ ಇದು ಬೇಕಿತ್ತು, ತೆಗೀಬೇಡ" ಅಂದ. ತೆಗೆದಿಲ್ಲ.

ಮಾತು ಮುಗಿಯುವ ಹೊತ್ತಿಗೆ ಅಮ್ಮ ಹತ್ತಿರ ಬಂದು ನಿಂತರು. ಸ್ಪೀಕರಿನಲ್ಲಿ ಬರುತ್ತಿದ್ದ ಧ್ವನಿಯನ್ನು ಸ್ವಲ್ಪ ಹೊತ್ತು ಕೇಳಿ, "ಆ ಚಳ್ಳಕೆರೆ ಹುಡುಗ ಅಲ್ವೇನೋ? ಎಣ್ಣೆ ಮುಗೀತಾ ಬಂದಿದೆ, ಐದು ಲೀಟರ್ ಶೇಂಗಾ ಎಣ್ಣೆ ಕಳಿಸೋಕೆ ಹೇಳು, ರೇಟೂ ಕೇಳು" ಅಂದರು.

"ಅಮ್ಮಾ, ಇದರಲ್ಲಿ ವ್ಯಾಪಾರದ ಮಾತು ಆಡೋ ಹಾಗಿಲ್ಲ. ಹ್ಯಾಮ್ ರೂಲ್ಸು."

"ಮತ್ತೆ ಇಷ್ಟೊತ್ತು ಏನ್ ಮಾತಾಡಿದ್ರಿ?"

"ಹೇಗೆ ಕೇಳಿಸ್ತಿದೆ ಅಂತ."

ಅಮ್ಮ ಏನೂ ಹೇಳದೆ ಹುಣಸೆಹಣ್ಣಿನ ಕಡೆ ಹೋದರು. ನಾನು ಎಪ್ಪತ್ತಮೂರು, ಅಂದರೆ ಹ್ಯಾಮ್‌ಗಳ ವಿದಾಯದ ಮಾತು, ಹೇಳಿ ರೇಡಿಯೋ ಆರಿಸಿ, ಇನ್ವರ್ಟರ್ ವೈರ್ ಸಿಕ್ಕಿಸಿ, ಫೋನ್ ತೆಗೆದು ಅವನಿಗೆ ಎಣ್ಣೆ ಹೇಳಿದೆ.