ಐವತ್ತಕ್ಕೇ ಕೆಲಸ ಬಿಟ್ಟು ಮಲೆನಾಡಿಗೆ ಬರುವವರಿಗೆ

ಚಿಕ್ಕಮಗಳೂರು, ಸಕಲೇಶಪುರದ ಕಡೆ ನೆಲೆಸುವ ಆಸೆ ಒಳ್ಳೆಯದೇ. ಆದರೆ ಕಾಫಿ ತೋಟವನ್ನೇ ಪಿಂಚಣಿ ಎಂದು ನಂಬಬೇಡಿ. ಕೊಯ್ಲಿನ ದುಡ್ಡು ಬರುವುದು ವರ್ಷಕ್ಕೊಮ್ಮೆ; ಗೊಬ್ಬರ, ಕಳೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಆಳಿನ ಕೂಲಿ ವರ್ಷವಿಡೀ. ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಮುಂದಿನ ಫಸಲೇ ಕುಸಿಯುತ್ತದೆ. ಅರೇಬಿಕಾ ತಳಿಯ ಕಾಫಿಗೆ ಕಾಂಡಕೊರಕ ಹುಳು ಹತ್ತಿದರೆ ಗಿಡ ಕಿತ್ತು ಸುಡಬೇಕು, ಹೊಸದು ಫಲ ಕೊಡಲು ಮೂರ್ನಾಲ್ಕು ವರ್ಷ ಬೇಕು.

ತಿಂಗಳಿಗೆ 40,000 ಖರ್ಚಿದ್ದರೆ ವರ್ಷಕ್ಕೆ 4.8 ಲಕ್ಷ. ಅದರ 25 ಪಟ್ಟು, ಅಂದರೆ 1.2 ಕೋಟಿ ಕೂಡಿಟ್ಟರೆ ಸಾಕು ಎನ್ನುವ ಸೂತ್ರ ಅಮೆರಿಕದಲ್ಲಿ 30 ವರ್ಷದ ನಿವೃತ್ತಿಗೆಂದು ಹಾಕಿದ ಲೆಕ್ಕ. ಐವತ್ತಕ್ಕೆ ಬಿಡುವವರು ಇನ್ನೂ 40 ವರ್ಷ ಬಾಳಬಹುದು. ಮನೆ, ತೋಟ ಬಿಟ್ಟು 33 ಪಟ್ಟಾದರೂ ಇರಲಿ ಎನ್ನುತ್ತೇನೆ. ಬೆಲೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಖರ್ಚು ದುಪ್ಪಟ್ಟು. ಮೂರು ವರ್ಷದ ಖರ್ಚು ಎಫ್‌ಡಿಯಲ್ಲಿರಲಿ, ಷೇರುಪೇಟೆ ಬಿದ್ದಾಗ ಮ್ಯೂಚುವಲ್ ಫಂಡ್ ಮಾರುವ ಗತಿ ಬರಬಾರದು.

ಇಪಿಎಸ್ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) ಪಿಂಚಣಿಯನ್ನು 50ಕ್ಕೇ ಕೇಳಬಹುದು, ಆದರೆ 58ಕ್ಕೆ ಕಡಿಮೆಯಿರುವ ಪ್ರತಿ ವರ್ಷಕ್ಕೂ ಶೇ. 4 ಕಡಿತ. ಆರೋಗ್ಯ ವಿಮೆಯನ್ನು ಕೆಲಸದಲ್ಲಿರುವಾಗಲೇ ಸ್ವಂತಕ್ಕೆ ಮಾಡಿಸಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಮನಸ್ಸಿನ ತಯಾರಿಗೆ ಲೆಕ್ಕದ ಹಾಳೆ ಸಾಲದು. ಜುಲೈಯಲ್ಲಿ ಒಂದು ತಿಂಗಳು ರಜೆ ಹಾಕಿ, ಮನೆಯವರ ಜೊತೆ ಇಲ್ಲಿದ್ದು ನೋಡಿ. ಬಿಡದ ಮಳೆ, ಆಗಾಗ ಹೋಗುವ ಕರೆಂಟು, ಫೋನೇ ಬಾರದ ಮಧ್ಯಾಹ್ನಗಳು. ಆಫೀಸಿನ ಗುರುತಿಲ್ಲದೆ ಹಗಲು ಕಳೆಯುವುದು ಇಬ್ಬರಿಗೂ ಹಿಡಿಸಿದರೆ ಮಾತ್ರ ರಾಜೀನಾಮೆ ಬರೆಯಿರಿ.