ಮೂರನೇ ಟೇಬಲಿನ ಬಿಲ್ಲು

ಗುರುವಾರ, 12 ಜೂನ್ 2025

ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ, ನಾನು ಬರೆಯುತ್ತಿರುವ ಹೋಟೆಲ್ ಬಿಲ್ಲಿನ ಜಾವಾ ಪ್ರೋಗ್ರಾಂ ಪರೀಕ್ಷಿಸುವ ಟೆಸ್ಟಿಂಗ್ ಹುಡುಗಿ ಬಂದಳು. "ಸರ್, ಮೂರನೇ ಟೇಬಲ್‌ನೋರು ಐದನೇ ಟೇಬಲ್‌ನೋರ ಇಡ್ಲಿಗೂ ದುಡ್ಡು ಕೊಡ್ಬೇಕಾ?" ನೋಡಿದರೆ ಮೂರರಲ್ಲಿ ಎರಡು ಮಸಾಲೆ ದೋಸೆ, 140 ರೂಪಾಯಿ. ಐದರಲ್ಲಿ ಇಡ್ಲಿ ವಡೆ, 85. ತೆರೆಯ ಮೇಲೆ, ಪ್ರಿಂಟ್ ಕೊಡುವ ಮೊದಲೇ, ಎರಡೂ ಬಿಲ್ಲಿನ ಬುಡದಲ್ಲಿ ಮೊತ್ತ ಮಾತ್ರ 225.

ಕೋಡ್ ತೆಗೆದೆ. ಬಿಲ್ ಕ್ಲಾಸಿನಲ್ಲಿ, ಅಂದರೆ ಎಲ್ಲ ಬಿಲ್ಲಿಗೂ ಅಚ್ಚಾಗುವ ಕೋಡಿನಲ್ಲಿ, ಮೊತ್ತದ ವೇರಿಯಬಲ್‌ಗೆ 'ಸ್ಟ್ಯಾಟಿಕ್' ಅಂಟಿಕೊಂಡಿದೆ: ಒಂದೊಂದು ಬಿಲ್ಲಿಗಲ್ಲ, ಅಚ್ಚಿಗೇ ಸೇರಿದ್ದು ಅಂತ. ಯಾವ ಪುಣ್ಯಾತ್ಮ ಬರೆದದ್ದು ಅಂತ, ಯಾವ ಸಾಲು ಯಾರದು ಎಂದು ದಾಖಲಿಸಿಡುವ ಗಿಟ್ ಕೆದಕಿದರೆ ನನ್ನದೇ ಹೆಸರು.

ಆಮೇಲೆ ನೆನಪಾಯಿತು. ಶುರುವಿನಲ್ಲಿ ಎಲ್ಲವನ್ನೂ, ಪ್ರೋಗ್ರಾಂ ಮೊದಲು ಓಡಿಸುವ ಮೇನ್ ಒಳಗೇ ತುರುಕಿ ನೋಡುತ್ತಿದ್ದೆ. ನಾನು ಬರೆದ ಮೇನ್ ಸ್ಟ್ಯಾಟಿಕ್ ಮೆಥಡ್ (ಮೆಥಡ್ ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು). ಪ್ರೋಗ್ರಾಂ ಹೊರಡುವಾಗ ಆ ಕ್ಲಾಸಿನ ಒಂದು ಆಬ್ಜೆಕ್ಟೂ, ಅಂದರೆ ಅಚ್ಚಿನಿಂದ ತೆಗೆದ ಒಂದು ಬಿಲ್ಲೂ, ಹುಟ್ಟಿರುವುದಿಲ್ಲವಲ್ಲ, ಕ್ಲಾಸಿನ ಹೆಸರು ಹಿಡಿದೇ ಕರೆಯಬೇಕು. ಅದರೊಳಗೆ 'ಈ ಬಿಲ್ಲು' ಅಂತ ತೋರಿಸುವ 'ದಿಸ್' ಅನ್ನುವುದೇ ಇಲ್ಲ. ಅಲ್ಲಿಂದ ಮೊತ್ತಕ್ಕೆ ಕೈ ಹಾಕಿದರೆ, ಕೋಡ್ ಓದಿ ತಪ್ಪು ಹಿಡಿಯುವ ಕಂಪೈಲರ್ ತಗಾದೆ ತೆಗೆಯುತ್ತದೆ: ಯಾವ ಬಿಲ್ಲಿನ ಮೊತ್ತ ಮಾರಾಯ? ನ್ಯಾಯವಾದ ಪ್ರಶ್ನೆಯೇ. ನಾನು ಉತ್ತರ ಹೇಳುವುದು ಬಿಟ್ಟು, ಎಡಿಟರ್ ತೋರಿಸಿದ ಸಲಹೆ ಒತ್ತಿ ಮೊತ್ತವನ್ನೂ ಸ್ಟ್ಯಾಟಿಕ್ ಮಾಡಿ ಅದರ ಬಾಯಿ ಮುಚ್ಚಿಸಿದ್ದೆ.

ಅಲ್ಲಿಗೆ ನೂರು ಬಿಲ್ಲು ಹುಟ್ಟಿದರೂ ಮೊತ್ತ ಒಂದೇ, ಅದು ಕ್ಲಾಸಿನ ಸ್ವತ್ತು. ಪ್ರಿಂಟ್ ಆದಮೇಲೆ ಸೊನ್ನೆ ಮಾಡುತ್ತಿದ್ದೆ, ಒಬ್ಬನೇ ಕೂತು ಒಂದೊಂದೇ ಟೇಬಲ್ ಹಾಕಿ ನೋಡುತ್ತಿದ್ದೆ. ಹಾಗಾಗಿ ಇಷ್ಟು ದಿನ ಸಿಕ್ಕಿಬಿದ್ದಿರಲಿಲ್ಲ. ಅವಳು ಎರಡು ಟೇಬಲ್ ಒಟ್ಟಿಗೆ ತೆರೆದಳು, ಮುಗೀತು.

ಸರಿಮಾಡಲು ಹತ್ತು ನಿಮಿಷ ಹಿಡಿಯಿತು. ಮೊತ್ತದಿಂದ ಸ್ಟ್ಯಾಟಿಕ್ ಕಿತ್ತೆ, ಟೇಬಲ್‌ಗೊಂದು ಹೊಸ ಬಿಲ್ ಆಬ್ಜೆಕ್ಟ್ ಮಾಡಿದೆ. ಪೈಸೆ ರೌಂಡ್ ಮಾಡುವ ಮೆಥಡ್ ಮಾತ್ರ ಸ್ಟ್ಯಾಟಿಕ್ ಆಗಿಯೇ ಇರಲಿ ಅಂತ ಬಿಟ್ಟೆ. ಅದಕ್ಕೆ ಕೊಟ್ಟ ಸಂಖ್ಯೆ ಸಾಕು, ಯಾವ ಬಿಲ್ಲಿನ ಹಂಗೂ ಇಲ್ಲ.

ಜಿಎಸ್‌ಟಿ ದರದ ಹತ್ತಿರ ಬಂದು ಕೈ ನಿಂತಿತು. ಎಲ್ಲ ಬಿಲ್ಲಿಗೂ ಒಂದೇ ಶೇ. 5, ಸ್ಟ್ಯಾಟಿಕ್ ಫೈನಲ್, ಅಂದರೆ ಕ್ಲಾಸಿಗೆಲ್ಲ ಒಂದೇ, ಓಡುವಾಗ ಬದಲಾಗದ್ದು. ಇದು ಸರಿಯೇ ಅನ್ನಿಸಿತ್ತು. ಆದರೆ 2017ರ ಜುಲೈನಲ್ಲಿ ಎಸಿ ಹೋಟೆಲಿನ ತಿಂಡಿಗೆ ಶೇ. 18 ಇತ್ತು, ನವೆಂಬರ್ 15ರಿಂದ ಶೇ. 5 ಆಯಿತು. ನಾಳೆ ದರ ಮತ್ತೆ ಬದಲಾದರೆ, ಇವತ್ತಿನ ಬಿಲ್ಲನ್ನು ಮುಂದಿನ ವರ್ಷ ತೆಗೆದು ಪ್ರಿಂಟ್ ಮಾಡಿದಾಗ ಯಾವ ತೆರಿಗೆ ಬರುತ್ತದೆ? ದರವನ್ನೂ ಆಯಾ ಬಿಲ್ಲಿನೊಳಗೇ ಬರೆದಿಡಬೇಕು. ಅದನ್ನು ನಾಳೆಗೆ ಇಟ್ಟುಕೊಂಡೆ.

ಡಬ್ಬಿ ಬಿಚ್ಚುವಾಗ ಮೂರೂವರೆ. ಸಾರು ಆರಿ ತಣ್ಣಗಾಗಿತ್ತು.